ಕಿಂಡಿರಾಯರು ಮುಚ್ಚಿದ ಕಿಂಡಿ

"ಇವತ್ತಿನಿಂದ ಈ ಮನೆಯೊಳಗೆ ಒಂದು ಇರುವೆ ಬರಬೇಕಾದ್ರೂ ನನ್ನ ಅಪ್ಪಣೆ ಬೇಕು!"

ಹೀಗೆಂದು ಕಿಂಡಿರಾಯರು ಊಟದ ಮೇಜನ್ನು ಗುದ್ದಿದರು. ಗುದ್ದಿದ ರಭಸಕ್ಕೆ ಲೋಟ ಉರುಳಿ, ನೀರೆಲ್ಲ ಅವರದೇ ಪ್ಯಾಂಟಿನ ಮೇಲೆ ಹರಿಯಿತು. ಇದರಿಂದ ಘೋಷಣೆಯ ಗಾಂಭೀರ್ಯಕ್ಕೆ ಕೊಂಚ ಧಕ್ಕೆ ಬಂತೆನ್ನಿ. ಆದರೂ ರಾಯರು ಪ್ಯಾಂಟು ಕೊಡವಿಕೊಂಡು ಎದೆ ಸೆಟೆಸಿಯೇ ನಿಂತಿದ್ದರು.

"ಇರುವೆ ಹಾಗಿರಲಿ, ಬೆಕ್ಕಿನ ವಿಷಯ ಏನು ಮಾಡಿದ್ರಿ?" ಎಂದು ಅತ್ತೆ ಕೇಳಿದರು.

ಅತ್ತೆ ಎಂದರೆ ರಾಯರ ಹೆಂಡತಿಯ ತಾಯಿ. ಮಗಳು ದೂರದಲ್ಲಿ ಕೆಲಸದಲ್ಲಿದ್ದಾಳೆ, ಅಳಿಯ ಒಬ್ಬರೇ ಇದ್ದರೆ ಬರೀ ಬ್ರೆಡ್ಡು ತಿಂದುಕೊಂಡು ಬಿದ್ದಿರುತ್ತಾರೆ ಎಂದು ಬಂದು ನಿಂತವರು. ಅಡುಗೆಮನೆ ಕಿಟಕಿಯ ಜಾಲರಿ ಮೂಲೆಯಲ್ಲಿ ಹರಿದಿತ್ತು. ಆ ದಾರಿಯಲ್ಲಿ ಪಕ್ಕದ ಮನೆಯ ಬೆಕ್ಕು ಬಂದು, ಹಾಲು ಕುಡಿದು, ಮೀಸೆ ಒರೆಸಿಕೊಂಡು ಹೋಗುತ್ತಿತ್ತು. "ಒಂದು ತುಂಡು ಜಾಲರಿ ಹೊಡೆಸಿ" ಎಂದು ಅತ್ತೆ ಬಂದ ವಾರದಲ್ಲೇ ಹೇಳಿದ್ದರು. ಆದರೆ ನಮ್ಮ ರಾಯರು ಜಾಲರಿ ಹೊಡೆಸುವಷ್ಟು ಸಣ್ಣ ಮನುಷ್ಯರೇ? "ಮೊದಲು ಶತ್ರುವಿನ ಚಲನವಲನ ಗೊತ್ತಾಗ್ಬೇಕು ಅತ್ತೆ" ಎಂದು, ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಇದ್ದ ಫ್ರಿಜ್ಜಿನ ಮೇಲೆ ಕತ್ತು ತಿರುಗಿಸುವ ಒಂದು ಕ್ಯಾಮೆರಾ ಕೂರಿಸಿದರು. ಅಂದಿನಿಂದ ಬೆಕ್ಕು ಹಾಲು ಕುಡಿಯುವ ದೃಶ್ಯ ಬಲು ಸೊಗಸಾಗಿ ಕಾಣುತ್ತಿತ್ತು. ಹಾಲು ಮಾತ್ರ ಉಳಿಯುತ್ತಿರಲಿಲ್ಲ.

ಆದರೆ ಇವತ್ತಿನ ಘೋಷಣೆಗೆ ಕಾರಣ ಬೆಕ್ಕಲ್ಲ, ಇಸ್ತ್ರಿಯವನು. ಮಧ್ಯಾಹ್ನ ಯಾರೋ ಬಾಗಿಲು ಬಡಿದಿದ್ದರು. ಅತ್ತೆ ಒಳಗಿನಿಂದ "ಯಾರು?" ಅಂದಿದ್ದರು. ಹೊರಗಿನಿಂದ "ನಾನೇ" ಎಂದು ಉತ್ತರ ಬಂದಿತ್ತು. ಅಷ್ಟಕ್ಕೇ ಅತ್ತೆ ಬಾಗಿಲು ತೆಗೆದು ಬಟ್ಟೆಯ ಗಂಟು ಇಸಿದುಕೊಂಡಿದ್ದರು. ರಜೆ ಹಾಕಿ ಮನೆಯಲ್ಲೇ ಇದ್ದ ರಾಯರು ಇದನ್ನು ಕಣ್ಣಾರೆ ಕಂಡು ನಡುಗಿಹೋದರು.

"ನಾನೇ ಅಂದ ತಕ್ಷಣ ಬಾಗಿಲು ತೆಗೆಯೋದಾ ಅತ್ತೆ? ಪ್ರಪಂಚದಲ್ಲಿ ಇರೋರೆಲ್ಲ ನಾನೇನೇ. ಕಳ್ಳನೂ ನಾನೇ ಅಂತಾನೆ."

"ದನಿ ಗೊತ್ತಾಗಲ್ವಾ?"

"ದನಿಯನ್ನ ಯಾರು ಬೇಕಾದ್ರೂ ನಕಲು ಮಾಡಬಹುದು."

"ಇಸ್ತ್ರಿಯವನ ದನಿ ನಕಲು ಮಾಡಿ, ನಿಮ್ಮ ಅಂಗಿಗೆ ಇಸ್ತ್ರಿ ಹಾಕಿ ತಂದುಕೊಡೋ ಕಳ್ಳ ಇದ್ರೆ ದಿನಾ ಬರಲಿ ಬಿಡಿ" ಎಂದು ಅತ್ತೆ ಒಳಗೆ ಹೋಗಿದ್ದರು.

ರಾಯರ ಉದ್ಯೋಗವೇ ಅಂಥದ್ದು. ಬ್ರೌಸರುಗಳಲ್ಲಿ, ವೆಬ್‌ಸೈಟುಗಳಲ್ಲಿ ಕಳ್ಳರು ನುಗ್ಗಬಹುದಾದ ಕಿಂಡಿಗಳನ್ನು ಕಳ್ಳರಿಗಿಂತ ಮೊದಲೇ ಹುಡುಕಿ, ಬರೆದವರಿಗೆ ತೋರಿಸಿ, ಅವರ ಮುಖ ಸಣ್ಣದಾಗುವುದನ್ನು ನೋಡಿ ಆನಂದಪಡುವುದು. ಬೇರೆಯವರು ತಿಂಗಳುಗಟ್ಟಲೆ ಬೆವರು ಸುರಿಸಿ ಕಟ್ಟಿದ್ದನ್ನು ಇವರು ಟೀ ಕುಡಿಯುತ್ತಾ ಒಡೆಯುತ್ತಿದ್ದರು. ಆಫೀಸಿನಲ್ಲಿ ಎಲ್ಲರೂ ಭಯಭಕ್ತಿಯಿಂದ ಕಿಂಡಿರಾಯರು ಎಂದು ಕರೆದು ಕರೆದು, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಹೆಂಡತಿಯ ಉದ್ಯೋಗ ಕೇಳಿದರೆ ನೀವು ನಗುತ್ತೀರಿ. ಆಕೆ ಸುರಂಗದ ಎಂಜಿನಿಯರ್. ಗಂಡ ಕಿಂಡಿ ಮುಚ್ಚುತ್ತಾ ಕೂತರೆ, ಆಕೆ ಬೆಟ್ಟಕ್ಕೇ ಕಿಂಡಿ ಕೊರೆಯುತ್ತಿದ್ದಳು. ರೈಲು ಹೋಗಲೆಂದು ಯಾವುದೋ ಬೆಟ್ಟದ ಹೊಟ್ಟೆಯೊಳಗೆ ಹೊಕ್ಕವಳು ರಜೆಗೆ ಬರುತ್ತಿದ್ದುದೇ ಅಪರೂಪ. ಹೋದ ಸಲ ಬಂದಾಗ ತನ್ನ ಹಳದಿ ಹೆಲ್ಮೆಟ್ಟನ್ನು ಮರೆತು ಬಿಟ್ಟುಹೋಗಿದ್ದಳು.

ಆ ಹೆಲ್ಮೆಟ್ಟು ಈಗ ಊಟದ ಮೇಜಿನ ಬಳಿ, ರಾಯರ ಎದುರಿನ ಕುರ್ಚಿಯ ಮೇಲೆ ಕೂತಿರುತ್ತಿತ್ತು. ಸಂಜೆ ಅತ್ತೆ ಬೇಗ ಉಂಡು ತಮ್ಮ ಕೋಣೆಯಲ್ಲಿ ಧಾರಾವಾಹಿ ಹಚ್ಚಿಕೊಂಡರೆಂದರೆ, ರಾಯರು ತಟ್ಟೆ ಮುಂದಿಟ್ಟುಕೊಂಡು ಹೆಲ್ಮೆಟ್ಟಿನ ಜೊತೆ ಮಾತಿಗೆ ಕೂರುತ್ತಿದ್ದರು. ಆಫೀಸಿನಲ್ಲಿ ಏನಾಯಿತು, ಬಸ್ಸಿನಲ್ಲಿ ಯಾರು ಕಾಲು ತುಳಿದರು, ಎಲ್ಲ ವರದಿಯೂ ಒಪ್ಪಿಸುವುದು. ಬಚ್ಚಲಮನೆಯಲ್ಲಿ ನಿನ್ನ ಕ್ಲಿಪ್ಪು ಇಟ್ಟಲ್ಲೇ ಇದೆ, ಮಂಚದಲ್ಲಿ ನಿನ್ನ ಕಡೆಗೆ ನಾನು ಹೊರಳಲ್ಲ, ನಿನ್ನ ಚಪ್ಪಲಿ ಒರೆಸಿಟ್ಟಿದ್ದೀನಿ, ಇಂಥವೆಲ್ಲ. ಹೇಳುತ್ತಾ ಹೇಳುತ್ತಾ ತಟ್ಟೆಯಲ್ಲಿ ಕೈ ಒಣಗುತ್ತಿತ್ತು. ರಾಯರಿಗೆ ಹೆಂಡತಿ ಇಲ್ಲದ ಮನೆ ಬೇಡವಾಗಿತ್ತು. ಇದನ್ನು ಅವರು ಹೆಲ್ಮೆಟ್ಟಿಗೆ ಹೇಳಿದ್ದರೇ ಹೊರತು ಹೆಂಡತಿಗೆ ಹೇಳಿರಲಿಲ್ಲ.

ಹೆಂಡತಿಯ ಜೊತೆ ಭಾನುವಾರದ ಫೋನು ಹೀಗಿರುತ್ತಿತ್ತು.

"ಊಟ ಆಯ್ತಾ?"

"ಆಯ್ತು."

"ಅಮ್ಮ ಹೇಗಿದ್ದಾಳೆ?"

"ಚೆನ್ನಾಗಿದ್ದಾರೆ."

"ನೀವು?"

"ಎಲ್ಲ ಸರಿಯಾಗಿದೆ."

"ಮತ್ತೆ?"

"ಮತ್ತೇನಿಲ್ಲ. ನಿನ್ನ ಲ್ಯಾಪ್‌ಟಾಪಲ್ಲಿ ಬ್ರೌಸರ್ ಅಪ್‌ಡೇಟ್ ಮಾಡಿದ್ಯಾ? ಹಳೇ ಬ್ರೌಸರ್ ಅಂದ್ರೆ ಬಾಗಿಲು ತೆಗೆದಿಟ್ಟ ಮನೆ ಕಣೇ."

"ಆಮೇಲೆ ಮಾಡ್ತೀನಿ ಬಿಡಿ" ಎನ್ನುತ್ತಿದ್ದಳು ಆಕೆ. ಮದುವೆಯಾದಂದಿನಿಂದ ಆಕೆ ಅದನ್ನೇ ಹೇಳುತ್ತಿದ್ದಳು, ಒಮ್ಮೆಯೂ ಮಾಡಿರಲಿಲ್ಲ.

ಈ ತಿಂಗಳ ಮೊದಲ ಭಾನುವಾರ ಮಾತ್ರ ಆಕೆ ಬೇರೆಯದೇ ವಿಷಯ ತೆಗೆದಳು. "ಈ ಸುರಂಗ ಇನ್ನೇನು ಮುಗೀತು ರೀ. ಇನ್ನೊಂದು ಶುರುವಾಗ್ತಿದೆ, ಇನ್ನೂ ದೂರ. ನೀವೇ ಇರಿ ಅಂತಿದ್ದಾರೆ, ಎರಡು ವರ್ಷ. ತಿಂಗಳ ಕೊನೆಯೊಳಗೆ ಒಪ್ಪಿಗೆ ಕೊಡ್ಬೇಕು. ಏನು ಹೇಳಲಿ?"

ಬೇಡ, ಬಂದ್ಬಿಡು ಎಂಬ ಮಾತು ರಾಯರ ಗಂಟಲವರೆಗೂ ಬಂತು. ಆದರೆ ಆಕೆಗೆ ಆ ಕೆಲಸವೆಂದರೆ ಪ್ರಾಣ. ಅಡ್ಡಗಾಲು ಹಾಕಲು ತಾನು ಯಾರು ಎಂದುಕೊಂಡು, ಬಂದ ಮಾತನ್ನು ನುಂಗಿ "ನಿನ್ನಿಷ್ಟ" ಎಂದರು. ಆಕೆ ಫೋನಿಟ್ಟಳು. ಅಂದು ಸಂಜೆ ಹೆಲ್ಮೆಟ್ಟಿನ ಮುಂದೆ ರಾಯರು ಆಡಿದ ಮಾತನ್ನು ಆಕೆಗೇ ಆಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆಯಿತಲ್ಲ, ಮೇಜು ಗುದ್ದಿ ಘೋಷಣೆ ಮಾಡಿದ ಮರುಸಂಜೆಯೇ ರಾಯರು ಒಂದು ಭಯಂಕರ ಸಂಗತಿ ಕಂಡುಹಿಡಿದರು. ಹಾಲಿನ ಪಾತ್ರೆಯನ್ನು ನೋಡುತ್ತಿರಬೇಕಾದ ಕ್ಯಾಮೆರಾ ಅವರನ್ನೇ ನೋಡುತ್ತಿತ್ತು! ಅತ್ತೆ ಒರೆಸುವಾಗ ತಿರುಗಿರಬೇಕು ಎಂದುಕೊಂಡು ಅದರ ಕತ್ತನ್ನು ಪಾತ್ರೆಯ ಕಡೆಗೆ ತಿರುಗಿಸಿ, ಬಂದು ಕೂತು, ಹೆಲ್ಮೆಟ್ಟಿಗೆ "ಇವತ್ತೇನಾಯ್ತು ಅಂದ್ರೆ" ಎಂದು ಶುರು ಮಾಡುವಷ್ಟರಲ್ಲಿ, ಕಿರ್ರ್ ಎಂದು ಮೆಲ್ಲಗೆ ಸದ್ದಾಯಿತು. ಕ್ಯಾಮೆರಾ ಮತ್ತೆ ಇವರ ಕಡೆಗೆ ತಿರುಗಿತ್ತು. ರಾಯರ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

ಯಾರೋ ಮನೆಯೊಳಗೆ ನುಗ್ಗಿದ್ದಾರೆ! ಬೇರೆ ಯಾರ ಮನೆಗೂ ಅಲ್ಲ, ಕಿಂಡಿರಾಯರ ಮನೆಗೇ!

ಮನೆಯ ದೀಪ, ನೀರಿನ ಪಂಪು ಎಲ್ಲವನ್ನೂ ಬ್ರೌಸರಿನಲ್ಲೇ ಆಡಿಸಲು ರಾಯರು ಮದುವೆಯಾದ ಹೊಸತರಲ್ಲಿ ಸ್ವತಃ ಒಂದು ವೆಬ್ ಪುಟ ಬರೆದಿದ್ದರು; ಈ ಕ್ಯಾಮೆರಾವನ್ನೂ ಆಮೇಲೆ ಅದಕ್ಕೇ ಜೋಡಿಸಿದ್ದರು. ಕಳ್ಳ ಅದರೊಳಕ್ಕೇ ಬಂದಿದ್ದ. ಮಾರನೆಯ ದಿನ ಆಫೀಸಿನಲ್ಲಿ ಪಕ್ಕದ ಸೀಟಿನ ಸಹೋದ್ಯೋಗಿಯ ಬಳಿ ರಾಯರು ಗುಟ್ಟಾಗಿ ವಿಷಯ ಹೇಳಿದರು. ಎಂಥ ಸಣ್ಣ ತಪ್ಪನ್ನೂ ಚುಚ್ಚಿ ತೆಗೆಯುವ ಆಕೆಯನ್ನು ಎಲ್ಲರೂ ಸೂಜಿ ಮೇಡಂ ಎನ್ನುತ್ತಿದ್ದರು.

"ನಿಮ್ಮ ಪುಟದ ಕೋಡನ್ನೇ ಒಂದ್ಸಲ ನೋಡಿದ್ರಾ ಸರ್?" ಎಂದು ಸೂಜಿ ಮೇಡಂ ಕೇಳಿದರು.

"ನನ್ನ ಕೋಡಾ?" ರಾಯರು ನಕ್ಕರು. "ನಾನು ಬರೆದಿರೋದು ಮೇಡಂ ಅದು."

"ಅದಕ್ಕೇ ಕೇಳಿದೆ."

ರಾಯರು ಆ ಮಾತನ್ನು ಅಲ್ಲೇ ಬಿಟ್ಟು ಎದ್ದುಬಂದರು. ತಪ್ಪು ತಮ್ಮದಲ್ಲ, ಬ್ರೌಸರಿನದೇ ಎಂದು ಅವರು ಆಗಲೇ ತೀರ್ಮಾನಿಸಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಮಹಾಯುದ್ಧ. ಮನೆಯಲ್ಲಿದ್ದ ಎಲ್ಲ ಯಂತ್ರಗಳ ಬ್ರೌಸರುಗಳೂ ಹೊಸದಾದವು. ಎಲ್ಲ ಪಾಸ್‌ವರ್ಡುಗಳೂ ಬದಲಾದವು, ಒಂದೊಂದೂ ರೈಲಿನಷ್ಟು ಉದ್ದ. ಅತ್ತೆಯ ಟ್ಯಾಬ್ಲೆಟ್ಟಿನಲ್ಲಿ ಧಾರಾವಾಹಿ ತೆರೆಯಬೇಕಾದರೂ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಹಾಕಬೇಕಾಯಿತು. "ಅಳಿಯಂದಿರೇ, ಆ ಕೊಂಕು ಬಾಲದ ಅಕ್ಷರ ಎಲ್ಲಿದೆ?" ಎಂದು ಅತ್ತೆ ಕೂಗಿ, ಇವರು ಹೋಗಿ ತೋರಿಸುವಷ್ಟರಲ್ಲಿ ಧಾರಾವಾಹಿಯಲ್ಲಿ ಸೊಸೆ ಮನೆ ಬಿಟ್ಟು ಹೋಗಿರುತ್ತಿದ್ದಳು. ಬಚ್ಚಲಮನೆಯ ದೀಪಕ್ಕೂ ಬೀಗ ಬಿತ್ತು. ರಾಯರೇ ಪಾಸ್‌ವರ್ಡು ಮರೆತು, ಕತ್ತಲಲ್ಲಿ ಸ್ನಾನ ಮಾಡಿ, ಸೋಪೆಂದು ಬಟ್ಟೆ ಒಗೆಯುವ ಬಿಲ್ಲೆಯನ್ನು ತಲೆಗೆ ಉಜ್ಜಿಕೊಂಡರು. ಇದೆಲ್ಲ ಸಾಲದೆಂಬಂತೆ ಮುಂಬಾಗಿಲಿಗೂ ಹೊಸದಾಗಿ ಮೂರು ಚಿಲಕ ಬಂದವು.

"ಬಾಗಿಲಿಗೆ ಚಿಲಕ ಹೊಡೆಯೋಕೆ ಬಡಗಿ ಬಂದಿದ್ನಲ್ಲ, ಆ ಜಾಲರಿನೂ..." ಎಂದು ಅತ್ತೆ ಬಾಯಿ ತೆರೆದರು.

"ದೊಡ್ಡ ವಿಷಯ ನಡೀತಿರುವಾಗ ಸಣ್ಣದನ್ನ ತರಬೇಡಿ ಅತ್ತೆ" ಎಂದರು ರಾಯರು.

ಇಷ್ಟೆಲ್ಲ ಆದ ಮೇಲೂ ಸಂಜೆ ಊಟದ ಹೊತ್ತಿಗೆ ಕಿರ್ರ್! ರಾಯರು ಎದ್ದು ನಿಂತು ಕ್ಯಾಮೆರಾದ ಕಣ್ಣಿಗೇ ಮುಷ್ಟಿ ತೋರಿಸಿದರು. ಆಮೇಲೆ ಇನ್ನೊಂದು ಯೋಚನೆ ಬಂದು ಅವರ ಕಿವಿಯೆಲ್ಲ ಬಿಸಿಯಾಯಿತು. ತಾನು ಹೆಲ್ಮೆಟ್ಟಿಗೆ ಹೇಳಿಕೊಂಡ ಮಾತನ್ನೆಲ್ಲ ಈ ಕಳ್ಳ ಕೂತು ಕೇಳಿರಬೇಕಲ್ಲ! ನಾಚಿಕೆಯಿಂದ ಹೆಲ್ಮೆಟ್ಟನ್ನು ಮೇಜಿನ ಹಿಂದಿನ ಬೀರುವಿನೊಳಗಿಟ್ಟು ಬಾಗಿಲು ಹಾಕಿದರು. ಬಳಿಕ ಲ್ಯಾಪ್‌ಟಾಪಿನ ಮುಂದೆ ಕೂತು, ಹೊರಗಿನಿಂದ ಯಾರೇ ಆ ಪುಟಕ್ಕೆ ಬಂದರೂ ಬೇರೇನೂ ಕಾಣದೆ ಒಂದು ಎಚ್ಚರಿಕೆ ಮಾತ್ರ ಕಾಣುವಂತೆ ಮಾಡಿದರು. ಒಕ್ಕಣೆ ಹೀಗಿತ್ತು: "ಕದ್ದು ನೋಡುವವರೇ, ಇಷ್ಟು ದಿನ ನಿಮ್ಮನ್ನು ಸಹಿಸಿಕೊಂಡಿದ್ದೇ ಹೆಚ್ಚು. ಈ ಮನೆಯಲ್ಲಿ ಇನ್ನು ನಿಮಗೆ ಜಾಗವಿಲ್ಲ. ಮತ್ತೆ ಈ ಕಡೆ ತಲೆ ಹಾಕಬೇಡಿ. ಇಂತಿ, ಮನೆಯ ಯಜಮಾನ."

ಮರುದಿನ ಸಂಜೆ ಕ್ಯಾಮೆರಾ ಹಾಲಿನ ಪಾತ್ರೆಯನ್ನೇ ನೋಡುತ್ತಾ ಕೂತಿತ್ತು. ಅದರ ಮಾರನೆಯ ದಿನವೂ ಅಷ್ಟೇ. ರಾಯರು ಗೆದ್ದಿದ್ದರು. ಆದರೆ ಗೆದ್ದವರ ಮುಖದಲ್ಲಿ ಇರಬೇಕಾದ ಕಳೆ ಇರಲಿಲ್ಲ. ಎದುರಿನ ಕುರ್ಚಿ ಖಾಲಿ, ಮಾತಾಡಲು ಯಾರೂ ಇಲ್ಲ. ಕಳ್ಳನೇ ಇರಲಿ, ತಾನು ಉಣ್ಣುವುದನ್ನು ನೋಡಲು ಒಬ್ಬರಾದರೂ ಇದ್ದರು ಎಂದು ಅವರಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂತು.

ಭಾನುವಾರ ಫೋನು ಬಂತು. ಆಕೆ ಊಟ ಆಯ್ತಾ ಎಂದು ಕೇಳಲೇ ಇಲ್ಲ. "ಎರಡನೇ ಸುರಂಗಕ್ಕೆ ಒಪ್ಕೊಂಡುಬಿಡ್ತೀನಿ" ಎಂದಳು.

"ನಿನ್ನಿಷ್ಟ."

"ನನ್ನಿಷ್ಟ ಅಲ್ಲ. ನಿಮ್ಮಿಷ್ಟ ಏನು ಅಂತ ಗೊತ್ತಾಯ್ತು" ಎಂದು ಫೋನಿಟ್ಟಳು.

ರಾಯರು ಫೋನನ್ನು ಕಿವಿಯಿಂದ ತೆಗೆಯದೆ ಹಾಗೇ ಕೂತರು. ಎರಡು ವರ್ಷ! ‘ನಿಮ್ಮಿಷ್ಟ ಗೊತ್ತಾಯ್ತು’ ಎಂಬುದರ ಅರ್ಥವೇನೆಂದು ತಿಳಿಯದೆ ಆ ದಿನವೆಲ್ಲ ಕಳೆಯಿತು. ಸೋಮವಾರ ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗ ಅತ್ತೆ ಕೈಯಲ್ಲಿ ಸಟ್ಟುಗ ಹಿಡಿದೇ ಬಂದು ಎದುರು ನಿಂತರು. ಮುಖ ಕೆಂಪಾಗಿತ್ತು.

"ನನ್ನ ಮಗಳಿಗೆ ಈ ಮನೇಲಿ ಜಾಗ ಇಲ್ಲ ಅಂದ್ರಂತೆ?"

"ನಾನಾ? ಯಾವಾಗ?"

"ಈ ಕಡೆ ತಲೆ ಹಾಕಬೇಡ ಅಂದ್ರಂತೆ. ಸಹಿಸಿಕೊಂಡಿದ್ದೇ ಹೆಚ್ಚು ಅಂದ್ರಂತೆ. ಈಗಷ್ಟೇ ಫೋನಲ್ಲಿ ಅತ್ತಳು. ಅವಳು ಅತ್ತಿದ್ದನ್ನ ನಾನು ಕೇಳಿ ಎಷ್ಟು ವರ್ಷ ಆಯ್ತು ಗೊತ್ತಾ ನಿಮಗೆ?"

"ಅತ್ತೆ, ಅದು ಕಳ್ಳನಿಗೆ ಬರೆದದ್ದು. ಕ್ಯಾಮೆರಾದಲ್ಲಿ ಕದ್ದು ನೋಡ್ತಿದ್ದ ಕಳ್ಳನಿಗೆ."

"ಕದ್ದು ನೋಡ್ತಿದ್ದವಳು ಅವಳೇ. ಕೆಲಸ ಮುಗಿಸಿ ಬಂದು, ನೀವು ಉಣ್ಣೋದನ್ನ ದಿನಾ ನೋಡ್ತಿದ್ಲಂತೆ. ಅವಳ ಹೆಲ್ಮೆಟ್ಟನ್ನ ಬೀರುವಿಗೆ ತುರುಕಿದ್ದನ್ನೂ ನೋಡಿದ್ಲಂತೆ."

ರಾಯರು ಒಂದು ಕಾಲಿಗೆ ಶೂ ಹಾಕಿಕೊಂಡು ಹಾಗೇ ನಿಂತುಬಿಟ್ಟರು. "ಪಾಸ್‌ವರ್ಡ್ ಇಲ್ಲದೆ ಅವಳು ಹೇಗೆ ಒಳಗೆ ಬಂದ್ಲು?"

"ಆ ಪುಟ ಯಾರು ಅಂತ ಕೇಳುತ್ತಂತೆ. ನಾನೇ ಅಂತ ಬರೆದ್ರೆ ಒಳಗೆ ಬಿಡುತ್ತಂತೆ. ಮದುವೆಯಾದ ಹೊಸತರಲ್ಲಿ ನೀವೇ ಹಾಗೆ ಮಾಡಿಕೊಟ್ಟಿದ್ರಂತೆ." ಅತ್ತೆ ಸಟ್ಟುಗವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಾನು ಇಸ್ತ್ರಿಯವನಿಗೆ ಬಾಗಿಲು ತೆಗೆದ್ರೆ ಮಾತ್ರ ತಪ್ಪು."

ರಾಯರಿಗೆ ಆಗ ಎಲ್ಲ ನೆನಪಾಯಿತು. ಹೊಸ ಹೆಂಡತಿ ಪಾಸ್‌ವರ್ಡು ಮರೆತು ಮರೆತು ಮುಖ ಸಪ್ಪಗೆ ಮಾಡಿಕೊಂಡಾಗ, ನಿನ್ನ ಮನೆಗೆ ಬರೋಕೆ ನಿನಗೆ ಯಾಕೆ ಪಾಸ್‌ವರ್ಡು ಎಂದು ನಗುತ್ತಾ ಒಂದು ಸಾಲು ಸೇರಿಸಿದ್ದರು. ಸೇರಿಸಿ ಮರೆತಿದ್ದರು. ಮನೆಯ ಲ್ಯಾಪ್‌ಟಾಪು ಅವರನ್ನು ನೇರವಾಗಿ ಒಳಗೆ ಬಿಡುತ್ತಿದ್ದುದರಿಂದ ಆ ಪ್ರಶ್ನೆ ಅವರಿಗೆ ಮತ್ತೆ ಎದುರಾಗಿರಲೇ ಇಲ್ಲ. ಊರವರ ಕಿಂಡಿಗಳನ್ನೆಲ್ಲ ಹುಡುಕಿ ಮಾನ ಕಳೆದ ಕಿಂಡಿರಾಯರ ಸ್ವಂತ ಪುಟದಲ್ಲಿ ಹೆಬ್ಬಾಗಿಲೇ ತೆರೆದಿತ್ತು. ಈಗ ಅದಕ್ಕೆ ಅಡ್ಡವಾಗಿ ತಾವೇ ಎಚ್ಚರಿಕೆಯ ಹಲಗೆ ನಿಲ್ಲಿಸಿದ್ದರು.

ಆಫೀಸಿಗೆ ಹುಷಾರಿಲ್ಲ ಎಂದು ತಿಳಿಸಿ, ರಾಯರು ಎಚ್ಚರಿಕೆಯನ್ನು ಕಿತ್ತೆಸೆದರು. ಹೆಲ್ಮೆಟ್ಟನ್ನು ತಂದು, ಒರೆಸಿ, ಕುರ್ಚಿಯ ಮೇಲಿಟ್ಟು ಕ್ಯಾಮೆರಾದ ಮುಂದೆ ಕೂತರು. ಹೆಂಡತಿಗೆ ಫೋನು ಮಾಡಿದರೆ ಸಿಗ್ನಲ್ಲಿಲ್ಲ, ಆಕೆ ಬೆಟ್ಟದೊಳಗಿದ್ದಳು. ಬೆಳಗಿನಿಂದ ಕೂತರು, ಮಧ್ಯಾಹ್ನವಾಯಿತು, ಸಂಜೆಯಾಯಿತು. ಕ್ಯಾಮೆರಾ ಅತ್ತಿತ್ತ ಅಲ್ಲಾಡಲಿಲ್ಲ. ಆ ಕಿರ್ರ್ ಸದ್ದಿಗಾಗಿ ರಾಯರು ಇಷ್ಟು ಹಂಬಲಿಸುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ಅವರೇ ನಂಬುತ್ತಿರಲಿಲ್ಲ.

"ಅದರ ಮುಂದೆ ಕೂತು ಕತ್ತು ನೋಯಿಸ್ಕೋಬೇಡಿ. ಇನ್ನೊಂದ್ಸಲ ಫೋನ್ ಮಾಡಿ, ಬಾಯಿ ಬಿಟ್ಟು ಹೇಳಿ" ಎಂದು ಅತ್ತೆ ಕಾಫಿ ತಂದಿಟ್ಟರು. ಸಿಟ್ಟು ಇಳಿದಿತ್ತು.

ಈ ಸಲ ಫೋನು ಹೋಯಿತು. ಆ ಕಡೆ ಯಂತ್ರಗಳ ಗುಡುಗುಡು ಕೇಳುತ್ತಿತ್ತು.

"ಒಪ್ಪಿಗೆ ಕೊಟ್ಟುಬಿಟ್ಯಾ?" ಎಂದು ರಾಯರು ಕೇಳಿದರು.

"ಕೊಡ್ತಾ ಇದ್ದೀನಿ. ಕಂಪನಿ ವೆಬ್‌ಸೈಟಲ್ಲಿ ಒತ್ತಬೇಕು, ಇವತ್ತೇ ಕೊನೇ ದಿನ. ಒತ್ತಿ ಒತ್ತಿ ಬೆರಳು ನೋಯ್ತು. ನಿಮ್ಮ ಬ್ರೌಸರ್ ಹಳೆಯದು, ಸುರಕ್ಷಿತವಲ್ಲ, ಅಪ್‌ಡೇಟ್ ಮಾಡಿ ಅಂತಲೇ ಬರ್ತಿದೆ. ಮಾಡ್ತೀನಿ ಈಗ. ನಿಮಗೂ ಸಮಾಧಾನ ಆಗುತ್ತೆ."

"ಅಪ್‌ಡೇಟ್ ಮಾಡಬೇಡ."

ಆಕೆ ಆಚೆ ಸರಿದಿರಬೇಕು, ಯಂತ್ರದ ಸದ್ದು ದೂರವಾಯಿತು.

"ಯಾರು ಮಾತಾಡ್ತಿರೋದು?" ಎಂದಳು ಆಕೆ.

"ನಾನೇ."

ರಾಯರು ಎದುರಿನ ಹೆಲ್ಮೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಾನೇ ಕಣೇ. ಅಪ್‌ಡೇಟ್ ಮಾಡಬೇಡ. ಹಳೇದೇ ಇರಲಿ, ತೂತುಬಿದ್ದದ್ದೇ ಇರಲಿ. ಅದು ಕಳ್ಳನಿಗೆ ಅಂತ ಬರೆದಿದ್ದು, ನಿನಗಲ್ಲ. ನೀನು ನೋಡ್ತಿದ್ದೀಯ ಅಂತ ಗೊತ್ತಿದ್ರೆ ನಾನು ದಿನಾ ಎರಡು ಸಲ ಊಟ ಮಾಡ್ತಿದ್ದೆ. ನೀನಿಲ್ಲದೆ ನನ್ನ ಕೈಲಿ ಆಗ್ತಿಲ್ಲ. ನಿನ್ನಿಷ್ಟ ಅಂದಾಗೆಲ್ಲ ಬಾ ಅಂತಲೇ ಹೇಳ್ಬೇಕು ಅಂತಿದ್ದೆ. ಬಂದ್ಬಿಡು."

ಇಷ್ಟು ಉದ್ದದ ಮಾತನ್ನು ರಾಯರು ಫೋನಿನಲ್ಲಿ ಆಡಿದ್ದು ಅದೇ ಮೊದಲು. ಬಾಗಿಲ ಬಳಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

"ನೋಡ್ತಿರೋದು ನಾನೇ ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತೀರಾ?" ಎಂದು ರಾಯರ ಬದಲು ಆಕೆಯೇ ಕೇಳಿಕೊಂಡು, ಆಕೆಯೇ ಉತ್ತರವನ್ನೂ ಹೇಳಿದಳು. "ಹೇಳಿದ್ರೆ ನೀವು ಆ ಕಿಂಡಿ ಮುಚ್ಚಿಬಿಡ್ತಿದ್ರಿ." ದನಿಯಲ್ಲಿ ಅಳು ನಗು ಎರಡೂ ಇತ್ತು. "ಹೆಲ್ಮೆಟ್ ಯಾಕೆ ಎತ್ತಿಟ್ರಿ?"

"ಕಳ್ಳ ಕೇಳಿಸ್ಕೊಳ್ತಾನೆ ಅಂತ ನಾಚಿಕೆಯಾಯ್ತು."

"ಆ ಕ್ಯಾಮೆರಾಗೆ ಕಿವಿ ಇಲ್ಲ ಕಣ್ರೀ. ಬರೀ ನಿಮ್ಮ ಬಾಯಿ ಆಡೋದು ಕಾಣ್ತಿತ್ತು. ನನ್ನ ಹತ್ರ ನಾಲ್ಕು ಮಾತಾಡೋ ಮನುಷ್ಯ ಆ ಹೆಲ್ಮೆಟ್ ಹತ್ರ ಅಷ್ಟೊಂದು ಏನು ಹೇಳ್ತಾರೆ ಅಂತ ನಾನಿಲ್ಲಿ ಒದ್ದಾಡ್ತಿದ್ದೆ." ಆಮೇಲೆ "ಲ್ಯಾಪ್‌ಟಾಪ್ ಮುಚ್ತಾ ಇದ್ದೀನಿ" ಎಂದಳು.

ಸುರಂಗ ಆ ತುದಿಯಿಂದ ಈ ತುದಿಗೆ ತೆರೆದುಕೊಂಡ ಮೇಲೆ ಆಕೆ ಹೊರಟಳು. ಆಕೆ ಬರುವ ದಿನ ರಾಯರು ಬೆಳಿಗ್ಗೆಯೇ ಗುಡ್ಡೆ ಬಿದ್ದಿದ್ದ ಪಾತ್ರೆಗಳನ್ನು ತೊಳೆಯುತ್ತಾ ನಿಂತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

"ಯಾರು?"

"ನಾನೇ."

ರಾಯರು ಸೋಪಿನ ಕೈಯಲ್ಲೇ ಓಡಿದರು. ಮೊದಲನೆಯ ಚಿಲಕ ತೆಗೆದರು, ಎರಡನೆಯದನ್ನೂ ತೆಗೆದರು. ಮೂರನೆಯದು ಮಾತ್ರ ಕೈಯಿಂದ ಜಾರುತ್ತಿತ್ತು. ಇಷ್ಟು ತಿಂಗಳು ಬೆಟ್ಟದಾಚೆ ಇದ್ದವಳು ಈಗ ಒಂದು ಹಲಗೆಯ ಆಚೆ ನಿಂತಿದ್ದಾಳೆ, ಇವರು ತಾವೇ ಹಾಕಿಸಿದ ಚಿಲಕದೊಂದಿಗೆ ಗುದ್ದಾಡುತ್ತಿದ್ದಾರೆ!

"ನಿಧಾನ ಅಳಿಯಂದಿರೇ" ಎಂದು ಹಿಂದಿನಿಂದ ಅತ್ತೆಯ ದನಿ ಬಂತು. "ಪ್ರಪಂಚದಲ್ಲಿ ಇರೋರೆಲ್ಲ ನಾನೇನೇ ಅಲ್ವಾ? ಮೊದಲು ನಾಲ್ಕು ಪ್ರಶ್ನೆ ಕೇಳಿ ನೋಡಿ."

"ಅವರೇನು ಕೇಳೋದಮ್ಮಾ, ಕೇಳಬೇಕಾದ್ದು ನಾನು" ಎಂದು ಹೊರಗಿನಿಂದ ಉತ್ತರ ಬಂತು. ಚಿಲಕ ಕೊನೆಗೂ ಬಿಟ್ಟುಕೊಂಡಿತು.

ಆಕೆ ಚೀಲವನ್ನೂ ಇಳಿಸದೆ ನೇರ ಊಟದ ಮೇಜಿನ ಬಳಿ ಹೋದಳು. ಕುರ್ಚಿಯ ಮೇಲಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ಅಲ್ಲೇ ಕೂತು, "ಈಗ ಹೇಳಿ, 'ಇವತ್ತೇನಾಯ್ತು ಅಂದ್ರೆ' ಇಂದ" ಎಂದಳು. ರಾಯರು ಮೊದಲು ತಡವರಿಸಿದರು. ಆಮೇಲೆ ಹೆಲ್ಮೆಟ್ಟನ್ನು ನೋಡುತ್ತಾ ಶುರು ಮಾಡಿದರು. ಕ್ಲಿಪ್ಪಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲವನ್ನೂ ಹೇಳಿದರು. ಆಕೆ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ನೋಡಲು ಬೇರೆ ಯಾರೂ ಇಲ್ಲದಿದ್ದರೂ ಕ್ಯಾಮೆರಾ ಅಭ್ಯಾಸದಂತೆ ಇವರ ಕಡೆಗೇ ತಿರುಗಿಕೊಂಡಿತ್ತು.

ರಾಯರು ಇನ್ನೂ ಅರ್ಧ ದಾರಿಗೂ ಬಂದಿರಲಿಲ್ಲ, ಅಡುಗೆಮನೆಯಿಂದ ಅತ್ತೆ ಬಂದರು. ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಬೋರಲು ಹಿಡಿದು ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.

"ಮಗಳು ಬರ್ತಾಳೆ ಅಂತ ಜಾಸ್ತಿ ಹಾಲು ತರಿಸಿದ್ದೆ. ಈ ಸಲ ಹಾಲೂ ಇಲ್ಲ, ಸಾಕ್ಷಿನೂ ಇಲ್ಲ. ಆ ಜಾಲರಿ ಯಾವಾಗ ಹೊಡೆಸ್ತೀರಿ ಅಳಿಯಂದಿರೇ?"